ಮೇಷ್ಟ್ರ ಪಿಂಚಣಿ: ಗಡಿ ಕನ್ನಡ ಶಾಲೆಗಳ ಒಂದು ಚರಿತ್ರೆ

ದೊಡ್ಡಗಾಜನೂರು ಎಂದ ಕೂಡಲೇ ಕನ್ನಡಿಗರಿಗೆ ನೆನಪಾಗುವುದು ಡಾ. ರಾಜ್‌ಕುಮಾರ್. ಅದರ ಹಿಂದೆಯೇ ನೆನಪಾಗುವುದು 2000ದ ಜುಲೈ 30ರ ರಾತ್ರಿ. ಅಂದು ವೀರಪ್ಪನ್ ಅಣ್ಣಾವ್ರನ್ನು ಇಲ್ಲಿನ ಮನೆಯಿಂದ ಕಾಡಿಗೆ ಕರೆದೊಯ್ದ. ನವೆಂಬರ್ 15ರಂದು ಅವರು ಬಿಡುಗಡೆಯಾಗುವವರೆಗೂ ಪತ್ರಿಕೆಗಳಲ್ಲಿ ನಮ್ಮ ಸೀಮೆಯ ಹೆಸರು ದಿನವೂ ಬರುತ್ತಿತ್ತು. ಆಮೇಲೆ ಎಲ್ಲರೂ ಮರೆತರು. ಆದರೆ ಇಲ್ಲಿ ಊರುಗಳಿವೆ, ಹೊಲಗಳಿವೆ, ಕನ್ನಡ ಮಾಧ್ಯಮದ ಶಾಲೆಗಳಿವೆ. ಆ ಶಾಲೆಗಳಲ್ಲಿ ಆಯುಷ್ಯವಿಡೀ ಸೀಮೆಸುಣ್ಣ ಹಿಡಿದು, ತಲೆ ನರೆತ ಮೇಲೆ ಮನೆಗೆ ಹೋದ ಮೇಷ್ಟ್ರುಗಳಿದ್ದಾರೆ, ಟೀಚರಮ್ಮಂದಿರಿದ್ದಾರೆ. ಮನೆಗೆ ಹೋದ ಮೇಲೆ ಅವರ ಒಲೆ ಹೇಗೆ ಉರಿಯುತ್ತದೆ? ಈ ಪ್ರಶ್ನೆಗೂ ಒಂದು ಚರಿತ್ರೆಯಿದೆ. ಇವತ್ತು ನಾವು ಹೇಳಹೊರಟಿರುವುದು ಆ ಚರಿತ್ರೆಯನ್ನು.

ಪಿಂಚಣಿ ಎಂದರೆ ಬರೀ ಲೆಕ್ಕ, ಅದರಲ್ಲಿ ಚರಿತ್ರೆ ಏನಿದೆ ಎಂದು ಕೆಲವರು ಕೇಳಬಹುದು. ಒಂದು ಚಿಕ್ಕ ಉದಾಹರಣೆ ನೋಡಿ. 2005ರ ಜೂನ್ ತಿಂಗಳಲ್ಲಿ ಐವರು ಕನ್ನಡ ಮೇಷ್ಟ್ರುಗಳು ಸರ್ಕಾರಿ ಶಾಲೆಗೆ ಸೇರಿದರು ಎಂದು ಊಹಿಸಿಕೊಳ್ಳಿ. ಒಬ್ಬರು ತಾಳವಾಡಿಯಲ್ಲಿ, ಒಬ್ಬರು ಚಾಮರಾಜನಗರದಲ್ಲಿ, ಒಬ್ಬರು ಕಾಸರಗೋಡಿನಲ್ಲಿ, ಒಬ್ಬರು ಅಕ್ಕಲಕೋಟೆಯಲ್ಲಿ, ಒಬ್ಬರು ಆದವಾನಿಯಲ್ಲಿ. ಐವರೂ ಹೇಳಿಕೊಡುವುದು ಅದೇ ಅ ಆ ಇ ಈ. ಆದರೆ ಚಾಮರಾಜನಗರ, ಕಾಸರಗೋಡು, ಅಕ್ಕಲಕೋಟೆಯವರಿಗೆ ಹಳೆಯ ಪಿಂಚಣಿ ಉಂಟು. ತಾಳವಾಡಿ ಮತ್ತು ಆದವಾನಿಯವರಿಗೆ ಇಲ್ಲ. ಒಂದೇ ಭಾಷೆ, ಒಂದೇ ಕೆಲಸ, ಒಂದೇ ತಿಂಗಳು. ಬದುಕಿನ ಸಂಜೆ ಮಾತ್ರ ಬೇರೆ ಬೇರೆ. ಹೀಗೇಕಾಯಿತು ಎಂದು ಹುಡುಕಿಕೊಂಡು ಹೊರಟರೆ ಗಡಿ ಗೆರೆಯ ಕಥೆ, ಸರ್ಕಾರಗಳ ಕಥೆ, ನ್ಯಾಯಾಲಯದ ಕಥೆ ಎಲ್ಲವೂ ಎದುರಾಗುತ್ತವೆ.

ಪಿಂಚಣಿಗೆ ಮೊದಲು

ನಮ್ಮ ಹಿರಿಯರ ಕಾಲದಲ್ಲಿ ಊರಿಗೊಬ್ಬ ಐಗಳಿರುತ್ತಿದ್ದರು. ಅವರ ಶಾಲೆಗೆ ಕೂಲಿಮಠ ಎಂದು ಹೆಸರು. ಕೆಳಗಿನ ತಮಿಳುನಾಡಿನಲ್ಲಿ ಅದೇ ತಿಣ್ಣೈ ಪಳ್ಳಿ, ಅಂದರೆ ಜಗಲಿ ಶಾಲೆ. ಮರಳ ಮೇಲೆ ಬೆರಳಿಟ್ಟು ಅಕ್ಷರ ತಿದ್ದಿಸಿದ ಐಗಳಿಗೆ ಸಿಗುತ್ತಿದ್ದುದು ಸುಗ್ಗಿಯಲ್ಲಿ ರಾಗಿ, ಹಬ್ಬದಲ್ಲಿ ಪಂಚೆ, ಮಗು ಒಂದು ಪಾಠ ಮುಗಿಸಿದಾಗ ಒಂದಿಷ್ಟು ಕಾಣಿಕೆ. ಕೈ ನಡುಗಿ ಬರೆಯಲಾಗದ ದಿನ ಬಂದರೆ ಮಗನೋ ಅಳಿಯನೋ ಜಗಲಿ ಮೇಲೆ ಕೂರಬೇಕು. ಅವರಿಲ್ಲದಿದ್ದರೆ ಊರವರ ದಯೆ.

ಅದಕ್ಕೂ ಹಿಂದಿನ ಶಾಸನಗಳಲ್ಲಿ ಬಾಲಶಿಕ್ಷೆಗೆಂದು ಬಿಟ್ಟ ದತ್ತಿಗಳ ಮಾತು ಬರುತ್ತದೆ. ಯುದ್ಧದಲ್ಲಿ ಸತ್ತ ವೀರನ ಮನೆಯವರಿಗೆ ಕೊಟ್ಟ ಭೂಮಿಗೆ ನೆತ್ತರುಗೊಡಗೆ ಎಂಬ ಹೆಸರಿತ್ತು. ದುಡಿದವನ ಹಿಂದೆ ಉಳಿದವರನ್ನು ನೋಡಿಕೊಳ್ಳಬೇಕು ಎಂಬ ತಿಳಿವಳಿಕೆ ಈ ಮಣ್ಣಿಗೆ ಹೊಸದಲ್ಲ. ಆದರೆ ಅದು ಕೊಡುವವನ ಮನಸ್ಸಿಗೆ ಬಿಟ್ಟದ್ದಾಗಿತ್ತು. ಪಡೆಯುವವನು ಕೈಯೊಡ್ಡಬೇಕಿತ್ತು. ಮುಂದೆ ನೂರಾರು ವರ್ಷ ನಡೆದ ಜಗಳವೆಲ್ಲ ಇದೇ: ಪಿಂಚಣಿ ಕೊಡುಗೆಯೋ, ಹಕ್ಕೋ?

ಕಂಪನಿ ಮತ್ತು ಬ್ರಿಟಿಷರ ಕಾಲ

1799ರಲ್ಲಿ ಟಿಪ್ಪು ಸುಲ್ತಾನ್ ಬಿದ್ದ ಮೇಲೆ ಕೊಯಮತ್ತೂರು ಸೀಮೆ ಕಂಪನಿ ಸರ್ಕಾರದ ವಶವಾಯಿತು. ಆಡುವ ಮಾತು ಕನ್ನಡವಾದರೂ ತಾಳವಾಡಿ ಮತ್ತು ಕೊಳ್ಳೇಗಾಲ ಎರಡೂ ಮದರಾಸು ಪ್ರಾಂತ್ಯದ ಲೆಕ್ಕದ ಪುಸ್ತಕ ಸೇರಿದವು. ಬೆಟ್ಟದ ಆ ಬದಿ ಮೈಸೂರು ಅರಸರದು, ಈ ಬದಿ ಮದರಾಸಿನದು.

ಸರ್ಕಾರಿ ಅಧಿಕಾರಿಗಳಿಗೆ, ಸೈನಿಕರಿಗೆ ಪಿಂಚಣಿ ಕೊಡುವ ಪದ್ಧತಿ ಬ್ರಿಟಿಷರ ಜೊತೆ ಬಂತು. 1871ರಲ್ಲಿ ಪಿಂಚಣಿ ಕಾಯ್ದೆಯೂ ಬಂತು. ಆ ಕಾಯ್ದೆಗೆ ಎರಡು ಮುಖ. ಒಂದು, ಪಿಂಚಣಿ ಬರಲಿಲ್ಲವೆಂದು ನೇರವಾಗಿ ಸಿವಿಲ್ ಕೋರ್ಟಿಗೆ ಹೋಗುವಂತಿಲ್ಲ, ಕಲೆಕ್ಟರ್ ಸಾಹೇಬರ ಒಪ್ಪಿಗೆ ಪತ್ರ ಬೇಕು. ಅಂದರೆ ಅದು ದೊರೆಯ ದಯೆ ಎಂಬ ಭಾವ. ಇನ್ನೊಂದು, ಅದರ 11ನೇ ಸೆಕ್ಷನ್. ಸಾಲ ಕೊಟ್ಟವರು ನಿವೃತ್ತರ ಪಿಂಚಣಿಯನ್ನು ಜಪ್ತಿ ಮಾಡುವಂತಿಲ್ಲ ಎಂದು ಅದು ಹೇಳುತ್ತದೆ. ಮುದುಕರ ಅನ್ನಕ್ಕೆ ಇನ್ನೊಬ್ಬರು ಕೈಹಾಕಬಾರದು ಎಂಬ ಈ ಮಾತು ಇಂದಿಗೂ ನಿವೃತ್ತರನ್ನು ಕಾಯುತ್ತಿದೆ.

ಹೊರಗಿನ ಜಗತ್ತಿನಲ್ಲೂ ಇದೇ ಹೊತ್ತಿಗೆ ಯೋಚನೆ ಶುರುವಾಗಿತ್ತು. ಜರ್ಮನಿಯಲ್ಲಿ ಬಿಸ್ಮಾರ್ಕ್ ಕಾಲದಲ್ಲಿ, 1889ರಲ್ಲಿ, ಕೆಲಸಗಾರರ ವೃದ್ಧಾಪ್ಯ ವಿಮೆಯ ಕಾನೂನು ಬಂತು. ಇಂಗ್ಲೆಂಡಿನಲ್ಲಿ 1898ರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರ ನಿವೃತ್ತಿ ವೇತನಕ್ಕಾಗಿಯೇ ಒಂದು ಕಾಯ್ದೆಯಾಯಿತು.

ಆದರೆ ನಮ್ಮ ಹಳ್ಳಿಯ ಮೇಷ್ಟ್ರಿಗೆ ಇದರಿಂದ ಏನೂ ಸಿಗಲಿಲ್ಲ. ಯಾಕೆಂದರೆ ಅವರು ಸರ್ಕಾರದ ನೌಕರರೇ ಆಗಿರಲಿಲ್ಲ. ಮದರಾಸು ಪ್ರಾಂತ್ಯದ ಹಳ್ಳಿ ಶಾಲೆಗಳಲ್ಲಿ ಬಹುಪಾಲು ಸ್ಥಳೀಯ ಬೋರ್ಡುಗಳದ್ದು, ಇಲ್ಲವೇ ಅನುದಾನ ಪಡೆವ ಖಾಸಗಿಯವರದ್ದು. ಬೋರ್ಡ್ ಶಾಲೆಯ ಮೇಷ್ಟ್ರಿಗೆ ಹೆಚ್ಚೆಂದರೆ ಭವಿಷ್ಯ ನಿಧಿ ಇರುತ್ತಿತ್ತು. ಸಂಬಳದಲ್ಲಿ ಒಂದಿಷ್ಟು ಹಿಡಿದು, ಬೋರ್ಡು ಒಂದಿಷ್ಟು ಸೇರಿಸಿ, ನಿವೃತ್ತಿಯ ದಿನ ಗಂಟು ಕಟ್ಟಿ ಕೊಡುವುದು. ಆ ಗಂಟು ಮಗಳ ಮದುವೆಗೋ ಹಳೆಯ ಸಾಲಕ್ಕೋ ಹೋದರೆ ಮತ್ತೆ ಕೈ ಖಾಲಿ. ಈ ಮಾತು ನೆನಪಿಟ್ಟುಕೊಳ್ಳಿ. ಇದೇ ಗಂಟು ಮುಂದೆ ಬೇರೆ ಹೆಸರಿನಲ್ಲಿ ಮತ್ತೆ ಬರುತ್ತದೆ.

1955: ಮೂರು ಸೌಲಭ್ಯ ಒಟ್ಟಿಗೆ

1954ರ ಏಪ್ರಿಲ್‌ನಲ್ಲಿ ಕೆ. ಕಾಮರಾಜ್ ಮದರಾಸಿನ ಮುಖ್ಯಮಂತ್ರಿಯಾದರು. ಹಣಕಾಸು ಮತ್ತು ಶಿಕ್ಷಣ ಎರಡೂ ಖಾತೆ ಸಿ. ಸುಬ್ರಮಣ್ಯಂ ಅವರ ಕೈಯಲ್ಲಿತ್ತು. ಶಿಕ್ಷಣ ಇಲಾಖೆಯ ನಿರ್ದೇಶಕರು ಎನ್.ಡಿ. ಸುಂದರವಡಿವೇಲು. ಕಾಮರಾಜರೆಂದರೆ ಮಧ್ಯಾಹ್ನದ ಊಟ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಮೇಷ್ಟ್ರುಗಳ ಮಟ್ಟಿಗೆ ಅದಕ್ಕಿಂತ ಮೊದಲೇ ಇನ್ನೊಂದು ದೊಡ್ಡ ಕೆಲಸ ನಡೆದಿತ್ತು.

1955ರಲ್ಲಿ ಮದರಾಸು ಸರ್ಕಾರ ಸ್ಥಳೀಯ ಸಂಸ್ಥೆಗಳ ಶಾಲೆಗಳು ಮತ್ತು ಅನುದಾನಿತ ಶಾಲೆಗಳ ಶಿಕ್ಷಕರಿಗೆ ಭವಿಷ್ಯ ನಿಧಿ, ಜೀವ ವಿಮೆ, ಪಿಂಚಣಿ ಈ ಮೂರನ್ನೂ ಒಟ್ಟುಗೂಡಿಸಿದ ಯೋಜನೆ ತಂದಿತು. ತ್ರಿವಿಧ ಸೌಲಭ್ಯ ಯೋಜನೆ ಎಂದು ಅದಕ್ಕೆ ಹೆಸರು. ನಿವೃತ್ತಿಯ ದಿನ ಸಣ್ಣ ಗಂಟು, ನಡುವೆ ಸತ್ತರೆ ಮನೆಯವರಿಗೆ ವಿಮೆ, ಬದುಕಿದ್ದರೆ ತಿಂಗಳು ತಿಂಗಳು ಪಿಂಚಣಿ. ಸರ್ಕಾರಿ ನೌಕರರಲ್ಲದ ಶಿಕ್ಷಕರಿಗೆ ಇಂಥ ವ್ಯವಸ್ಥೆ ಮಾಡಿ ಮದರಾಸು ದೇಶಕ್ಕೆ ದಾರಿ ತೋರಿಸಿತು. ಬೇರೆ ರಾಜ್ಯಗಳು ಹಿಂಬಾಲಿಸಿದವು. ಮೈಸೂರು ರಾಜ್ಯದಲ್ಲಿ ಅನುದಾನಿತ ಶಾಲೆಗಳ ನೌಕರರಿಗೆ ಇದೇ ಬಗೆಯ ನಿಯಮಗಳು ಬಂದದ್ದು 1963ರಲ್ಲಿ. 1964ರಿಂದ 1966ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವೂ ಈ ತ್ರಿವಿಧ ಸೌಲಭ್ಯವನ್ನು ಚರ್ಚಿಸಿತು.

ಈಗ ಭೂಪಟ ತೆಗೆದು ನೋಡಿ. 1955ರ ಮದರಾಸು ರಾಜ್ಯದಲ್ಲಿ ಯಾವ ಯಾವ ಕನ್ನಡ ಸೀಮೆಗಳಿದ್ದವು? ಮಂಗಳೂರು, ಉಡುಪಿ, ಕಾಸರಗೋಡು ಸೇರಿದ ದಕ್ಷಿಣ ಕನ್ನಡ ಜಿಲ್ಲೆ. ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮತ್ತು ತಾಳವಾಡಿ. ಸೇಲಂ ಜಿಲ್ಲೆಯ ಹೊಸೂರು. ಕಾಸರಗೋಡಿನ ಕನ್ನಡ ಮೇಷ್ಟ್ರು, ಕೊಳ್ಳೇಗಾಲದ ಮೇಷ್ಟ್ರು, ನಮ್ಮ ತಾಳವಾಡಿಯ ಮೇಷ್ಟ್ರು ಎಲ್ಲರೂ ಒಂದೇ ಸರ್ಕಾರದ ಒಂದೇ ಯೋಜನೆಯ ನೆರಳಿನಲ್ಲಿದ್ದರು. ಆ ನೆರಳು ಬಹಳ ದಿನ ಉಳಿಯಲಿಲ್ಲ.

1956: ಗೆರೆ ಎಳೆದ ದಿನ

1956ರ ನವೆಂಬರ್ 1. ರಾಜ್ಯ ಪುನರ್ವಿಂಗಡಣೆ ಜಾರಿಗೆ ಬಂತು. ಕಾಸರಗೋಡು ಬಿಟ್ಟು ಉಳಿದ ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಹೋಯಿತು. ಕಾಸರಗೋಡು ಕೇರಳಕ್ಕೆ ಹೋಯಿತು. ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಸೇರಿತು. ತಾಳವಾಡಿ ಮತ್ತು ಹೊಸೂರು ಮದರಾಸಿನಲ್ಲೇ ಉಳಿದವು. ಒಂದೇ ಯೋಜನೆಯಲ್ಲಿದ್ದ ಕನ್ನಡ ಮೇಷ್ಟ್ರುಗಳು ಎರಡು ವರ್ಷ ತುಂಬುವ ಮೊದಲೇ ಮೂರು ರಾಜ್ಯಗಳವರಾದರು.

ಆ ದಿನ ಯಾರೂ ಪಿಂಚಣಿ ಕಳೆದುಕೊಳ್ಳಲಿಲ್ಲ, ನಿಜ. ಪುನರ್ವಿಂಗಡಣೆ ಕಾಯ್ದೆಯ 115ನೇ ಸೆಕ್ಷನ್ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹಂಚಿಹೋದ ಸರ್ಕಾರಿ ನೌಕರರಿಗೆ ಒಂದು ಭದ್ರತೆ ಕೊಟ್ಟಿತ್ತು. ಕೇಂದ್ರದ ಪೂರ್ವಾನುಮತಿಯಿಲ್ಲದೆ ಅವರ ಸೇವಾ ನಿಯಮಗಳನ್ನು ಅವರಿಗೆ ನಷ್ಟವಾಗುವಂತೆ ಬದಲಿಸಬಾರದು ಎಂದು ಅದು ಹೇಳಿತು. ಆದರೆ ಅಂದಿನಿಂದ ಒಬ್ಬೊಬ್ಬರ ಮುಪ್ಪು ಒಂದೊಂದು ರಾಜಧಾನಿಯಲ್ಲಿ ತೀರ್ಮಾನವಾಗತೊಡಗಿತು. ಕಾಸರಗೋಡಿನವರಿಗೆ ತಿರುವನಂತಪುರ, ಕೊಳ್ಳೇಗಾಲದವರಿಗೆ ಬೆಂಗಳೂರು, ನಮಗೆ ಮದರಾಸು. ಗಡಿ ಎಂದರೆ ಭಾಷೆಯದ್ದು ಮಾತ್ರ ಎಂದು ನಾವು ಮಾತಾಡುತ್ತೇವೆ. ಅನ್ನದ ಗಡಿಯೂ ಅದೇ ದಿನ ಹುಟ್ಟಿತು.

ಕೇರಳದಲ್ಲಿ ಇ.ಎಂ.ಎಸ್. ನಂಬೂದಿರಿಪಾಡ್ ಸರ್ಕಾರದ ಶಿಕ್ಷಣ ಸಚಿವ ಜೋಸೆಫ್ ಮುಂಡಶ್ಶೇರಿ ತಂದ ಶಿಕ್ಷಣ ಕಾಯ್ದೆ ಅನುದಾನಿತ ಶಾಲೆಗಳ ಶಿಕ್ಷಕರ ಸಂಬಳ, ಪಿಂಚಣಿ, ನಿವೃತ್ತಿ ವಯಸ್ಸುಗಳನ್ನು ಸರ್ಕಾರದ ನಿಯಮಕ್ಕೆ ಒಳಪಡಿಸಿತು. ಕಾಸರಗೋಡಿನ ಅನುದಾನಿತ ಕನ್ನಡ ಶಾಲೆಗಳ ಶಿಕ್ಷಕರಿಗೆ ಅದು ಆಸರೆಯಾಯಿತು.

1981: ಪಂಚಾಯಿತಿ ಮೇಷ್ಟ್ರು ಸರ್ಕಾರಿ ಮೇಷ್ಟ್ರಾದದ್ದು

ಇತ್ತ ಮದರಾಸಿನಲ್ಲಿ 1958ರ ಪಂಚಾಯತಿ ಕಾಯ್ದೆ ಬಂದು, ಬೋರ್ಡಿನ ಪ್ರಾಥಮಿಕ ಶಾಲೆಗಳು ಪಂಚಾಯತಿ ಒಕ್ಕೂಟಗಳ ಕೈಗೆ ಬಂದವು. ಇಂದಿಗೂ ನಮ್ಮ ಶಾಲೆಗಳ ಬೋರ್ಡಿನ ಮೇಲೆ ಪಂಚಾಯತಿ ಒಕ್ಕೂಟ ಶಾಲೆ ಎಂದೇ ಬರೆದಿರುತ್ತದೆ. 1969ರಲ್ಲಿ ರಾಜ್ಯದ ಹೆಸರು ತಮಿಳುನಾಡು ಎಂದಾಯಿತು. 1979ರಲ್ಲಿ ಕೊಯಮತ್ತೂರು ಒಡೆದು ಪೆರಿಯಾರ್ ಜಿಲ್ಲೆಯಾಯಿತು. ಈಗಿನ ಈರೋಡ್ ಜಿಲ್ಲೆ ಅದೇ. ಶಾಲೆ ಅಲ್ಲೇ, ಮೇಷ್ಟ್ರು ಅವರೇ. ಬದಲಾದದ್ದು ಅರ್ಜಿ ಕಳಿಸುವ ವಿಳಾಸ.

ನಿಜವಾದ ಬದಲಾವಣೆ ಬಂದದ್ದು 1981ರ ಜೂನ್ 1ರಂದು. ಎಂ.ಜಿ. ರಾಮಚಂದ್ರನ್ ಮುಖ್ಯಮಂತ್ರಿಯಾಗಿದ್ದ ಕಾಲ ಅದು. ಪಂಚಾಯತಿ ಒಕ್ಕೂಟ ಶಾಲೆಗಳ ಶಿಕ್ಷಕರು ಆ ದಿನದಿಂದ ಸರ್ಕಾರಿ ನೌಕರರಾದರು. 1978ರ ತಮಿಳುನಾಡು ಪಿಂಚಣಿ ನಿಯಮಗಳು ಕಾಡಂಚಿನ ಒಬ್ಬ ಕನ್ನಡ ಮೇಷ್ಟ್ರಿಗೂ ಚೆನ್ನೈ ಸಚಿವಾಲಯದ ಗುಮಾಸ್ತರಿಗೂ ಒಂದೇ ಆದವು. ಹಳ್ಳಿ ಮೇಷ್ಟ್ರಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇನ್ನೊಂದಿಲ್ಲ. ಮನೆ ಕಟ್ಟುವಾಗ, ಮಕ್ಕಳಿಗೆ ಸಂಬಂಧ ನೋಡುವಾಗ "ಮೇಷ್ಟ್ರಿಗೇನಪ್ಪ, ಪಿಂಚಣಿ ಬತ್ತದೆ" ಎಂದು ಊರವರು ಹೇಳುವ ಕಾಲ ಅಲ್ಲಿಂದ ಶುರುವಾಯಿತು.

ಮರುವರ್ಷವೇ ದೆಹಲಿಯಿಂದ ಇನ್ನೊಂದು ಒಳ್ಳೆಯ ಸುದ್ದಿ ಬಂತು. 1982ರ ಡಿಸೆಂಬರ್ 17ರಂದು ಡಿ.ಎಸ್. ನಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟಿತು. ಪಿಂಚಣಿ ಸರ್ಕಾರದ ಮರ್ಜಿಯ ಮೇಲೆ ಕೊಡುವ ದಾನವಲ್ಲ, ಹಿಂದೆ ಮಾಡಿದ ಸೇವೆಗೆ ಸಲ್ಲಬೇಕಾದದ್ದು ಎಂಬುದು ಅದರ ಸಾರ. ಒಂದು ತಾರೀಖು ಹಿಡಿದು ಅದರ ಹಿಂದೆ ನಿವೃತ್ತರಾದವರು ಬೇರೆ, ಮುಂದೆ ನಿವೃತ್ತರಾದವರು ಬೇರೆ ಎಂದು ಸಕಾರಣವಿಲ್ಲದೆ ವಿಂಗಡಿಸಬಾರದು ಎಂದೂ ಅದು ಹೇಳಿತು. ಡಿಸೆಂಬರ್ 17ನ್ನು ನಿವೃತ್ತರು ಪಿಂಚಣಿದಾರರ ದಿನವೆಂದು ಆಚರಿಸುವುದು ಇದಕ್ಕಾಗಿಯೇ. ಐಗಳ ಕಾಲದ ಪ್ರಶ್ನೆಗೆ, 1871ರ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ಎಲ್ಲರಿಗೂ ಅನಿಸಿತು.

ಹಳೆಯ ಪಿಂಚಣಿಯ ಲೆಕ್ಕ

ಮುಂದಿನ ಕಥೆ ಅರ್ಥವಾಗಬೇಕಾದರೆ ಹಳೆಯ ಪಿಂಚಣಿಯ ಲೆಕ್ಕ ತಿಳಿದಿರಬೇಕು. ಮಕ್ಕಳಿಗೆ ಹೇಳುವ ಹಾಗೆ ಹೇಳುತ್ತೇವೆ.

ತಮಿಳುನಾಡಿನಲ್ಲಿ 30 ವರ್ಷ ಅರ್ಹ ಸೇವೆ ಆದವರಿಗೆ ಪೂರ್ಣ ಪಿಂಚಣಿ, ಅಂದರೆ ಕೊನೆಯ ಮೂಲ ವೇತನದ ಅರ್ಧ. ಕೊನೆಯ ಮೂಲ ವೇತನ 60,000 ರೂಪಾಯಿ ಎಂದಿಟ್ಟುಕೊಳ್ಳಿ. ಪಿಂಚಣಿ 30,000. ಸೇವೆ 20 ವರ್ಷವೇ ಆಗಿದ್ದರೆ ಅದರ ಮೂರನೇ ಎರಡು ಭಾಗ, 20,000. ಕನಿಷ್ಠ 10 ವರ್ಷ ಸೇವೆ ಆಗಿರಬೇಕು. ಇದರ ಮೇಲೆ ತುಟ್ಟಿಭತ್ಯೆ. ಬೇಳೆ ಬೆಲೆ ಏರಿದರೆ ಅದೂ ಏರುತ್ತದೆ. ಪಿಂಚಣಿಯ ಮೂರನೇ ಒಂದು ಭಾಗವನ್ನು ಮಾರಿ ಒಂದೇ ಸಲ ಹಣ ಪಡೆಯಬಹುದು. 15 ವರ್ಷ ಕಳೆದ ಮೇಲೆ ಆ ಭಾಗ ಮತ್ತೆ ಸೇರಿಕೊಳ್ಳುತ್ತದೆ. ನಿವೃತ್ತಿಯ ದಿನ ಗ್ರಾಚ್ಯುಟಿ ಬೇರೆ. ಮೇಷ್ಟ್ರು ತೀರಿಕೊಂಡರೆ ಹೆಂಡತಿಗೋ ಗಂಡನಿಗೋ ಕುಟುಂಬ ಪಿಂಚಣಿ.

ಇದಕ್ಕಾಗಿ ಮೇಷ್ಟ್ರ ಸಂಬಳದಿಂದ ಏನೂ ಹಿಡಿಯುತ್ತಿರಲಿಲ್ಲ. ಸಾಮಾನ್ಯ ಭವಿಷ್ಯ ನಿಧಿಗೆ ಹಿಡಿದದ್ದು ಅವರದೇ ಉಳಿತಾಯ. ಅದರಿಂದ ಮದುವೆಗೆ, ಮನೆಗೆ, ಆಸ್ಪತ್ರೆಗೆ ಮುಂಗಡ ತೆಗೆಯಬಹುದಿತ್ತು. ಪಿಂಚಣಿಗೆಂದು ಸರ್ಕಾರ ಬೇರೆ ನಿಧಿ ಕಟ್ಟಿರಲಿಲ್ಲ. ಈ ವರ್ಷದ ತೆರಿಗೆಯಲ್ಲಿ ಈ ವರ್ಷದ ಪಿಂಚಣಿ. ನೌಕರರು ಕಡಿಮೆ, ಆಯುಷ್ಯ ಕಡಿಮೆ ಇದ್ದ ಕಾಲದಲ್ಲಿ ಇದು ಭಾರವೆನಿಸಲಿಲ್ಲ. 1990ರ ದಶಕದಲ್ಲಿ ಸಂಬಳ ಏರಿತು, ನಿವೃತ್ತರ ಸಂಖ್ಯೆ ಏರಿತು, ಜನ ಹೆಚ್ಚು ವರ್ಷ ಬದುಕತೊಡಗಿದರು. ಖಜಾನೆಯವರಿಗೆ ಚಿಂತೆ ಹತ್ತಿತು. ಈ ಚಿಂತೆ ಸುಳ್ಳೆಂದು ನಾವು ಹೇಳುವುದಿಲ್ಲ. ಅದಕ್ಕೆ ಕಂಡುಕೊಂಡ ಪರಿಹಾರದ ಬಗ್ಗೆ ನಮ್ಮ ಮಾತು.

2003: ಒಂದೇ ದಿನ ಎರಡು ಪೆಟ್ಟು

ದಕ್ಷಿಣ ಅಮೆರಿಕದ ಚಿಲಿ ದೇಶ 1981ರಲ್ಲಿ ಪಿಂಚಣಿಯನ್ನು ಒಬ್ಬೊಬ್ಬರ ಸ್ವಂತ ಖಾತೆಯ ಉಳಿತಾಯವಾಗಿ ಬದಲಿಸಿತ್ತು. ಆ ಮಾದರಿ ಮುಂದೆ ಹಲವು ದೇಶಗಳಿಗೆ ಹರಡಿತು. ನಮ್ಮಲ್ಲೂ 2000ದ ಆಸುಪಾಸಿನಲ್ಲಿ ಸಮಿತಿಗಳು ಕುಳಿತವು. ಕೇಂದ್ರ ಸರ್ಕಾರದ ಹೊಸ ಪಿಂಚಣಿ ವ್ಯವಸ್ಥೆ 2004ರ ಜನವರಿ 1ರಿಂದ ಸೇರುವವರಿಗೆ ಬಂತು. ತಮಿಳುನಾಡು ಅದಕ್ಕೂ ಮೊದಲೇ ಹೆಜ್ಜೆ ಇಟ್ಟಿತ್ತು.

ಅಂದಿನ ಹಿನ್ನೆಲೆ ಹಿರಿಯ ಶಿಕ್ಷಕರಿಗೆ ಚೆನ್ನಾಗಿ ನೆನಪಿದೆ. ಜಯಲಲಿತಾ ಸರ್ಕಾರ ಪಿಂಚಣಿ ಮತ್ತಿತರ ಸೌಲಭ್ಯಗಳನ್ನು ಕಡಿತ ಮಾಡಿದ್ದಕ್ಕೆ 2003ರ ಜುಲೈ ಮೊದಲ ವಾರದಲ್ಲಿ ನೌಕರರು, ಶಿಕ್ಷಕರು ಮುಷ್ಕರ ಹೂಡಿದರು. ಸರ್ಕಾರ ಅಗತ್ಯ ಸೇವೆಗಳ ಕಾಯ್ದೆಯನ್ನು ಬಿಗಿಮಾಡಿ ಸುಮಾರು 1.70 ಲಕ್ಷ ಜನರನ್ನು ಕೆಲಸದಿಂದ ತೆಗೆದುಹಾಕಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 2003ರ ಆಗಸ್ಟ್ 6ರಂದು ಟಿ.ಕೆ. ರಂಗರಾಜನ್ ಪ್ರಕರಣದ ತೀರ್ಪು ಬಂತು. ಸರ್ಕಾರಿ ನೌಕರರಿಗೆ ಮುಷ್ಕರ ಹೂಡುವ ಹಕ್ಕಿಲ್ಲ ಎಂದು ಕೋರ್ಟು ಹೇಳಿತು. ಕ್ಷಮೆ ಕೇಳಿ ಮುಚ್ಚಳಿಕೆ ಬರೆದುಕೊಟ್ಟ ಹೆಚ್ಚಿನವರು ಮತ್ತೆ ಕೆಲಸಕ್ಕೆ ಸೇರಿದರು.

ಅದೇ ಆಗಸ್ಟ್ 6ರ ತಾರೀಖಿನಲ್ಲೇ ತಮಿಳುನಾಡು ಹಣಕಾಸು ಇಲಾಖೆಯ 259ನೇ ಸರ್ಕಾರಿ ಆದೇಶ ಹೊರಬಿತ್ತು. 2003ರ ಏಪ್ರಿಲ್ 1 ಮತ್ತು ಆಮೇಲೆ ಸೇರಿದವರಿಗೆ ಹಳೆಯ ಪಿಂಚಣಿಯಿಲ್ಲ, ವಂತಿಗೆ ಪಿಂಚಣಿ ಯೋಜನೆ ಎಂದಿತು. ಬಾಯಿಮಾತಿನಲ್ಲಿ ನಾವೆಲ್ಲ ಹೇಳುವ ಸಿಪಿಎಸ್ ಇದೇ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿಸಿ ಅದರಲ್ಲಿ ಶೇಕಡಾ 10 ನೌಕರರಿಂದ, ಅಷ್ಟೇ ಸರ್ಕಾರದಿಂದ. ಆದೇಶ ಆಗಸ್ಟಿನದು, ಜಾರಿ ಏಪ್ರಿಲ್‌ನಿಂದ. ನಡುವಿನ ನಾಲ್ಕು ತಿಂಗಳಲ್ಲಿ ಸೇರಿದವರು ಹಳೆಯ ಪಿಂಚಣಿ ಉಂಟೆಂದೇ ನಂಬಿ ಸೇರಿದ್ದರು.

ಆ ವರ್ಷಗಳಲ್ಲಿ ಇನ್ನೊಂದು ಸಂಗತಿ ನಡೆಯಿತು. ಹೊಸ ಶಿಕ್ಷಕರನ್ನು ಒಟ್ಟು ಸಂಬಳದ ಮೇಲೆ ತೆಗೆದುಕೊಂಡರು. ಅವರ ಕೆಲಸ ಕಾಯಂ ಆದದ್ದು 2006ರ ಜೂನ್ 1ರಂದು. ಹಾಗಾಗಿ ಅವರೂ ಸಿಪಿಎಸ್ ಸಾಲಿಗೇ ಸೇರಿದರು. ಒಂದೇ ಶಾಲೆಯಲ್ಲಿ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತು ಊಟ ಮಾಡುವ ಇಬ್ಬರು ಶಿಕ್ಷಕರಲ್ಲಿ ಒಬ್ಬರಿಗೆ ಪಿಂಚಣಿ, ಒಬ್ಬರಿಗಿಲ್ಲ ಎಂಬ ಪರಿಸ್ಥಿತಿ ಹುಟ್ಟಿತು.

ಇನ್ನೊಂದು ವಿಚಿತ್ರವೂ ಇದೆ. ಬೇರೆ ರಾಜ್ಯಗಳು ಕೇಂದ್ರದ ಪಿಂಚಣಿ ನಿಧಿ ಪ್ರಾಧಿಕಾರದ ವ್ಯವಸ್ಥೆಗೆ ಸೇರಿದವು. ಅಲ್ಲಿ ನಿವೃತ್ತಿಯಾದಾಗ ಶೇಕಡಾ 60ರವರೆಗೆ ಕೈಗೆ ಬರುತ್ತದೆ, ಕನಿಷ್ಠ ಶೇಕಡಾ 40ರಿಂದ ವರ್ಷಾಶನ ಕೊಂಡು ತಿಂಗಳು ತಿಂಗಳು ಅಷ್ಟಿಷ್ಟು ಪಡೆಯಬಹುದು. ತಮಿಳುನಾಡು ಆ ವ್ಯವಸ್ಥೆಗೆ ಸೇರಲಿಲ್ಲ, ಹಣವನ್ನು ತಾನೇ ಇಟ್ಟುಕೊಂಡಿತು. ಹೆಸರು ಪಿಂಚಣಿ ಯೋಜನೆ, ಆದರೆ ನಿವೃತ್ತರಾದವರಿಗೆ ಸಿಕ್ಕಿದ್ದು ಒಂದು ಗಂಟು. ತಿಂಗಳ ಪಿಂಚಣಿಯಿಲ್ಲ, ಗ್ರಾಚ್ಯುಟಿಯಿಲ್ಲ, ಕುಟುಂಬ ಪಿಂಚಣಿಯಿಲ್ಲ, ನಡುವೆ ಮುಂಗಡವೂ ಇಲ್ಲ. 1955ಕ್ಕೆ ಹಿಂದಿನ ಬೋರ್ಡ್ ಮೇಷ್ಟ್ರ ಗಂಟು ಮತ್ತೆ ಬಂದಿತ್ತು. ಲೆಕ್ಕ ಹಾಕಿ ನೋಡಿ. 30 ಲಕ್ಷದ ಗಂಟಿನಲ್ಲಿ ತಿಂಗಳಿಗೆ 25,000 ತೆಗೆಯುತ್ತಾ ಹೋದರೆ 120 ತಿಂಗಳಿಗೆ ಅಸಲು ಮುಗಿಯುತ್ತದೆ. ಬಡ್ಡಿಯಿಂದ ಇನ್ನೊಂದಿಷ್ಟು ವರ್ಷ ಎಳೆಯಬಹುದು. ಆದರೆ ಬೆಲೆ ಏರಿದಂತೆ ಗಂಟು ಏರುವುದಿಲ್ಲ.

ಐದು ರಾಜ್ಯ, ಐದು ತಾರೀಖು

ಮೊದಲು ಹೇಳಿದ ಐವರು ಮೇಷ್ಟ್ರುಗಳ ಕಥೆಗೆ ಬರೋಣ. ಹಳೆಯ ಪಿಂಚಣಿಯ ಬಾಗಿಲು ಒಂದೊಂದು ರಾಜ್ಯದಲ್ಲಿ ಒಂದೊಂದು ದಿನ ಮುಚ್ಚಿತು. ತಮಿಳುನಾಡಿನಲ್ಲಿ 2003ರ ಏಪ್ರಿಲ್ 1. ಆಂಧ್ರಪ್ರದೇಶದಲ್ಲಿ 2004ರ ಸೆಪ್ಟೆಂಬರ್ 1. ಮಹಾರಾಷ್ಟ್ರದಲ್ಲಿ 2005ರ ನವೆಂಬರ್ 1. ಕರ್ನಾಟಕದಲ್ಲಿ 2006ರ ಏಪ್ರಿಲ್ 1. ಕೇರಳದಲ್ಲಿ 2013ರ ಏಪ್ರಿಲ್ 1.

ಗಡಿನಾಡ ಕನ್ನಡ ಶಾಲೆಗಳನ್ನು ಒಟ್ಟಾಗಿ ನೋಡಿದರೆ ಮೊದಲು ಬಾಗಿಲು ಮುಚ್ಚಿದ್ದು ತಾಳವಾಡಿ, ಹೊಸೂರಿನ ನಮಗೆ. ಕೊನೆಗೆ ಮುಚ್ಚಿದ್ದು ಕಾಸರಗೋಡಿನವರಿಗೆ. ನಡುವೆ ಸರಿಯಾಗಿ ಹತ್ತು ವರ್ಷ. 1955ರಲ್ಲಿ ಇಬ್ಬರೂ ಒಂದೇ ಯೋಜನೆಯಲ್ಲಿದ್ದವರು! ಒಂದು ತಾರೀಖಿನ ಹಿಂದೆ ಮುಂದೆ ಎಂದು ಸಕಾರಣವಿಲ್ಲದೆ ವಿಂಗಡಿಸಬೇಡಿ ಎಂಬ 1982ರ ತೀರ್ಪು ಹೊಸದಾಗಿ ಸೇರುವವರನ್ನು ಉಳಿಸಲಿಲ್ಲ.

ಈಚಿನ ವರ್ಷಗಳು

ಶಿಕ್ಷಕರು, ನೌಕರರು ಸುಮ್ಮನಿರಲಿಲ್ಲ. ತಮಿಳುನಾಡಿನಲ್ಲಿ ಸಂಘಟನೆಗಳ ಒಕ್ಕೂಟವಾದ ಜಾಕ್ಟೋ ಜಿಯೋ 2019ರ ಜನವರಿಯಲ್ಲಿ ದೊಡ್ಡ ಮುಷ್ಕರ ನಡೆಸಿತು. ಸಮಿತಿಗಳು ಒಂದಾದ ಮೇಲೊಂದು ಕುಳಿತವು. ನಡುವೆ ನಿವೃತ್ತಿ ವಯಸ್ಸು 2020ರಲ್ಲಿ 58ರಿಂದ 59ಕ್ಕೆ, 2021ರಲ್ಲಿ 60ಕ್ಕೆ ಏರಿತು. ಕರ್ನಾಟಕದಲ್ಲಿ 2023ರ ಮಾರ್ಚ್ 1ರಂದು ನೌಕರರು ಮುಷ್ಕರ ಹೂಡಿದರು. 2006ರ ಏಪ್ರಿಲ್‌ಗೆ ಮೊದಲೇ ಅಧಿಸೂಚನೆಯಾಗಿ ಆಮೇಲೆ ಕೆಲಸಕ್ಕೆ ಸೇರಿದ ಸುಮಾರು 13,000 ಮಂದಿಗೆ ಹಳೆಯ ಪಿಂಚಣಿ ಕೊಡಲು 2024ರ ಜನವರಿಯಲ್ಲಿ ಅಲ್ಲಿ ಆದೇಶವಾಯಿತು. ಕೇಂದ್ರ ಸರ್ಕಾರ 2025ರ ಏಪ್ರಿಲ್ 1ರಿಂದ ಏಕೀಕೃತ ಪಿಂಚಣಿ ಯೋಜನೆ ತಂದಿತು. 25 ವರ್ಷ ಸೇವೆ ಆದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧ ಖಾತ್ರಿ.

2026ರ ಜನವರಿ 3ರಂದು ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ತಮಿಳುನಾಡು ಖಚಿತ ಪಿಂಚಣಿ ಯೋಜನೆಯನ್ನು ಘೋಷಿಸಿದರು. ನೌಕರರು ಶೇಕಡಾ 10 ಕೊಡುವುದು ಮುಂದುವರಿಯುತ್ತದೆ, ಆದರೆ ಕೊನೆಯ ಮೂಲ ವೇತನದ ಅರ್ಧದಷ್ಟು ಪಿಂಚಣಿ ಖಚಿತ, ತುಟ್ಟಿಭತ್ಯೆ ಉಂಟು, ತೀರಿಕೊಂಡರೆ ಕುಟುಂಬಕ್ಕೆ ಪಿಂಚಣಿಯ ಶೇಕಡಾ 60 ಎಂದು ಆ ಘೋಷಣೆ ಹೇಳಿತು. ಇದು ಹಳೆಯ ಪಿಂಚಣಿಯೇ ಅಲ್ಲ, ಬರೀ ಗಂಟೂ ಅಲ್ಲ. ಇಪ್ಪತ್ತಮೂರು ವರ್ಷದ ಮೇಲೆ ತಿಂಗಳ ಪಿಂಚಣಿ ಎಂಬ ಮಾತು ಮತ್ತೆ ಸರ್ಕಾರದ ಬಾಯಲ್ಲಿ ಬಂದದ್ದು ಮಾತ್ರ ದೊಡ್ಡ ಸಂಗತಿ.

ಪಟ್ಟಿಯಲ್ಲಿ ಇಲ್ಲದವರು

ಪಿಂಚಣಿಯ ಚರಿತ್ರೆ ಬರೆಯುವಾಗ ಅದು ಮುಟ್ಟದವರನ್ನೂ ಬರೆಯಬೇಕು. ಗಡಿಯ ಕನ್ನಡ ಶಾಲೆಗಳಲ್ಲಿ ಹುದ್ದೆ ಖಾಲಿಯಾದರೆ ತುಂಬುವುದು ತಡ. ಕನ್ನಡ ಬಲ್ಲವರೇ ಬೇಕು, ಜೊತೆಗೆ ಇಲ್ಲಿನ ಪರೀಕ್ಷೆಗಳನ್ನೂ ದಾಟಿರಬೇಕು. ಆ ನಡುವಿನ ಕಾಲದಲ್ಲಿ ಪೋಷಕರ ಸಂಘದವರು ಊರಿನ ಓದಿದ ಹುಡುಗ ಹುಡುಗಿಯರನ್ನು ಕರೆದು ಪಾಠಕ್ಕೆ ಹಚ್ಚುತ್ತಾರೆ. ಅವರು ವರ್ಷಗಟ್ಟಲೆ ದುಡಿದರೂ ಸೇವಾ ಪುಸ್ತಕವೇ ಇರುವುದಿಲ್ಲ. ಪುಸ್ತಕವಿಲ್ಲದ ಮೇಲೆ ಪಿಂಚಣಿ ಎಲ್ಲಿಯದು? 2012ರಲ್ಲಿ ರಾಜ್ಯದಾದ್ಯಂತ ಚಿತ್ರಕಲೆ, ದೈಹಿಕ ಶಿಕ್ಷಣ, ಹೊಲಿಗೆಯಂಥ ವಿಷಯಗಳಿಗೆ ನೇಮಿಸಿದ ಅರೆಕಾಲಿಕ ಶಿಕ್ಷಕರದೂ ಇದೇ ಗೋಳು. 1982ರಲ್ಲಿ ಎಂ.ಜಿ.ಆರ್. ವಿಸ್ತರಿಸಿದ ಪೌಷ್ಟಿಕ ಊಟದ ಯೋಜನೆಯ ಅಡುಗೆಯಮ್ಮಂದಿರಿಗೆ ಸಿಗುವುದು ಸಣ್ಣ ಮೊತ್ತದ ವಿಶೇಷ ಪಿಂಚಣಿ.

ಇನ್ನು ನಮ್ಮ ಮಕ್ಕಳ ಅಪ್ಪ ಅಮ್ಮಂದಿರು. ರಾಗಿ ಬೆಳೆದು, ಕಬ್ಬು ಕಡಿದು, ಕೂಲಿ ಮಾಡುವವರಿಗೆ ನಿವೃತ್ತಿಯೂ ಇಲ್ಲ, ಪಿಂಚಣಿಯೂ ಇಲ್ಲ. ಮದರಾಸು ರಾಜ್ಯ 1962ರಲ್ಲೇ ನಿರ್ಗತಿಕ ವೃದ್ಧರಿಗೆ ಪಿಂಚಣಿ ಶುರುಮಾಡಿತ್ತು. 2023ರಲ್ಲಿ ಅದು ತಿಂಗಳಿಗೆ 1,200 ರೂಪಾಯಿಗೆ ಏರಿತು. ನಮ್ಮ ಪಿಂಚಣಿಗಾಗಿ ನಾವು ದನಿ ಎತ್ತುವಾಗ "ನಿಮಗೆ ಮಾತ್ರ ಯಾಕೆ?" ಎಂದು ಆ ರೈತರು ಕೇಳಿದರೆ ಸಿಟ್ಟಾಗಬಾರದು. ಮುಪ್ಪಿನಲ್ಲಿ ಯಾರೂ ಕೈಯೊಡ್ಡಬಾರದು ಎಂಬುದು ನಮ್ಮ ವಾದವಾದರೆ ಆ ವಾದದಲ್ಲಿ ಅವರಿಗೂ ಜಾಗವಿರಬೇಕು.

ನಾವು ಮಾಡಬಹುದಾದದ್ದು

ಕೆಲಸದಲ್ಲಿರುವ ಶಿಕ್ಷಕ ಬಂಧುಗಳೇ, ಈ ಚರಿತ್ರೆಯಿಂದ ಕಲಿಯಬೇಕಾದದ್ದು ಇಷ್ಟು: ಪಿಂಚಣಿ ನಿಂತಿರುವುದು ತಾರೀಖು ಮತ್ತು ಕಾಗದದ ಮೇಲೆ. ಸೇವಾ ಪುಸ್ತಕವನ್ನು ವರ್ಷಕ್ಕೊಮ್ಮೆ ಕಣ್ಣಾರೆ ನೋಡಿ. ಹುಟ್ಟಿದ ದಿನ, ಸೇರಿದ ದಿನ, ಕಾಯಂ ಆದ ದಿನ, ರಜೆಯ ದಾಖಲೆ, ನಾಮನಿರ್ದೇಶನ ಸರಿಯಿದೆಯೇ ಪರೀಕ್ಷಿಸಿ. ಕನ್ನಡದ ಹೆಸರನ್ನು ತಮಿಳಿನಲ್ಲಿ, ಇಂಗ್ಲಿಷಿನಲ್ಲಿ ಬರೆಯುವಾಗ ಒಂದೊಂದು ಕಾಗದದಲ್ಲಿ ಒಂದೊಂದು ರೀತಿ ಆಗುವುದುಂಟು. ಸಾವಿನ ಮನೆಯಲ್ಲಿ ಕುಟುಂಬ ಪಿಂಚಣಿ ನಿಲ್ಲುವುದು ಇಂಥ ಒಂದು ಅಕ್ಷರಕ್ಕೇ. ದಿಂಬಂ ಘಾಟಿಯ 27 ತಿರುವು ಇಳಿದು ಹತ್ತಿ ಕಚೇರಿಗೆ ಅಲೆಯುವ ಕಷ್ಟ ಹೆಂಡತಿ ಮಕ್ಕಳಿಗೆ ಬಾರದಂತೆ ಈಗಲೇ ಸರಿಪಡಿಸಿಕೊಳ್ಳಿ.

ಶಾಲೆಯ ಮುಖ್ಯೋಪಾಧ್ಯಾಯರಲ್ಲಿ ಇನ್ನೊಂದು ಬೇಡಿಕೆ. ಬೀರುವಿನ ತಳದಲ್ಲಿರುವ ಹಳೆಯ ಹಾಜರಿ ಪುಸ್ತಕ, ಸಂಬಳದ ಪಟ್ಟಿ, ತಪಾಸಣೆಯ ಟಿಪ್ಪಣಿಗಳನ್ನು ರದ್ದಿಗೆ ಹಾಕಬೇಡಿ. ಬೋರ್ಡಿನ ಕಾಲದಿಂದ ಇಲ್ಲಿ ಯಾರು ಯಾರು ಕನ್ನಡ ಕಲಿಸಿದರು, ಎಷ್ಟು ಸಂಬಳಕ್ಕೆ, ಎಷ್ಟು ವರ್ಷ ಎಂಬುದಕ್ಕೆ ಅವೇ ಸಾಕ್ಷಿ. ಒಂದು ರಜೆಯಲ್ಲಿ ದೊಡ್ಡ ತರಗತಿಯ ಮಕ್ಕಳನ್ನು ಕೂರಿಸಿಕೊಂಡು ಆ ಹೆಸರುಗಳನ್ನು ಒಂದು ನೋಟ್‌ಪುಸ್ತಕಕ್ಕೆ ಇಳಿಸಿ. ಪಿಂಚಣಿ ಪಡೆದವರ ಹೆಸರು ಖಜಾನೆಯಲ್ಲಿರುತ್ತದೆ. ಪಡೆಯದೆ ಹೋದವರ ಹೆಸರು ಶಾಲೆಯ ಆ ಪುಸ್ತಕಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ.